ಕೆಂಚಿ ಮೊದಲು ಮೂಸಿದ ಕೈ

ಕೆಂಚಿಯನ್ನು ಕದ್ದವಳು ನಾನು, ಲಗಮಣ್ಣನಲ್ಲ.

ಇಷ್ಟನ್ನು ಬರೆಯಲು ನನಗೆ ಹನ್ನೆರಡು ವರ್ಷ ಹಿಡಿಯಿತು. ಬರೆದು ನೋಡಿದರೆ ಒಂದು ಸಾಲೂ ತುಂಬಿಲ್ಲ. ಆವತ್ತು ಮಮದಾಪುರದ ಹೊಲದಲ್ಲಿ, ಬೇವಿನ ಮರದ ಕೆಳಗೆ ಕೂತಿದ್ದ ಹಿರಿಯರ ಮುಂದೆ ಹೇಳಿದ್ದರೆ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಆಗುತ್ತಿರಲಿಲ್ಲ. ನಾನು ಅಲ್ಲೇ ಇದ್ದೆ. ಬಾಯಿಯೂ ಇತ್ತು, ಮಾತೂ ಬರುತ್ತಿತ್ತು. ಹೇಳಲಿಲ್ಲ.

ಕೆಂಚಿ ಅಂದರೆ ಒಂದು ಕೆಂಪು ಬಣ್ಣದ ಹೆಣ್ಣುಕುರಿ. ಲಗಮಣ್ಣ ಅದನ್ನು ಕಾಯುತ್ತಿದ್ದ ಕುರುಬ. ಒಂದು ಕುರಿ ನಾಲ್ಕು ದಿನ ಕಾಣೆಯಾದದ್ದಕ್ಕೆ ಇಷ್ಟೊಂದು ಗೋಳೇ ಎಂದು ಯಾರಾದರೂ ಕೇಳಬಹುದು — ನಾನೂ ನನ್ನನ್ನು ಹಾಗೆ ಕೇಳಿಕೊಂಡು, ಅದೇ ಉತ್ತರವೆಂದು ನಂಬಿಕೊಂಡು, ಬಹಳ ವರ್ಷ ಹೊಟ್ಟೆ ತುಂಬ ಉಂಡಿದ್ದೇನೆ.

ನಾನು ಹುಕ್ಕೇರಿಯ ಜೈನರ ಮನೆಯವಳು. ದೀಪ ಹಚ್ಚುವ ಮೊದಲೇ ಊಟ ಮುಗಿಸುವ, ನೀರು ಸೋಸಿ ಕುಡಿಯುವ ಮನೆ. ಅವ್ವ ಅಂಗಳ ಗುಡಿಸುವಾಗ ಇರುವೆ ಸಾಲು ಕಂಡರೆ, ಅದು ದಾಟುವ ತನಕ ಕಸಬರಿಗೆ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಅಂಥ ಮನೆಯ ಮಗಳು ಪ್ರಾಣಿಶಾಸ್ತ್ರ ಓದುತ್ತೇನೆ ಅಂದಾಗ ಅಪ್ಪ ಒಂದೇ ಷರತ್ತು ಹಾಕಿದರು, ಯಾವ ಜೀವವನ್ನೂ ಕೊಯ್ಯಬಾರದು. ಕಾಲೇಜಿನಲ್ಲಿ ಜಿರಳೆಯನ್ನೂ ಕಪ್ಪೆಯನ್ನೂ ಕೊಯ್ದೆ. ಮನೆಯಲ್ಲಿ ಹೇಳಲಿಲ್ಲ. ಮುಚ್ಚಿಡುವ ಕಲೆ ನನಗೆ ಒಂದೇ ದಿನದಲ್ಲಿ ಬಂದದ್ದಲ್ಲ.

ಮುಂದೆ ಸಂಶೋಧನೆ ಎಂದಾಗ ನಾನು ಕತ್ತರಿ ಹಿಡಿಯದ ವಿಷಯ ಆರಿಸಿಕೊಂಡೆ. ಗುಂಪಾಗಿ ಬದುಕುವ ಪ್ರಾಣಿಗಳು ಒಂದನ್ನೊಂದು ಹೇಗೆ ಗುರುತಿಡುತ್ತವೆ, ಯಾರ ಜೊತೆ ಯಾರು ನಿಲ್ಲುತ್ತಾರೆ, ಯಾರು ಹೋದರೆ ಯಾರು ಹಿಂದೆ ಹೋಗುತ್ತಾರೆ. ಗುಂಪಿನಲ್ಲಿ ಬಾಳುವ ಜೀವಕ್ಕೆ ಬುದ್ಧಿ ಬೆಳೆದದ್ದೇ ಇದರಿಂದ, ಮೇವು ಹುಡುಕುವುದಕ್ಕಿಂತ ಇನ್ನೊಬ್ಬರ ನಂಟನ್ನು ನೆನಪಿಡುವುದು ಹೆಚ್ಚು ಕಷ್ಟದ ಕೆಲಸ — ಹೀಗೊಂದು ವಾದವಿದೆ. ಆ ವಾದ ಓದಿದ ದಿನ ನನಗೆ ಮೈ ಜುಂ ಎಂದಿತ್ತು. ಮಂಗಗಳನ್ನು ನೋಡಬೇಕೆಂದು ಆಸೆ. ಹೆಣ್ಣುಮಗಳನ್ನು ಕಾಡಿಗೆ ಕಳಿಸಲು ಮನೆಯಲ್ಲಿ ಒಪ್ಪಲಿಲ್ಲ. ಮಮದಾಪುರದಲ್ಲಿ ಕಾಕಾನ ಹೊಲವಿತ್ತು; ಬೇಸಿಗೆಯಲ್ಲಿ ಕೌಜಲಗಿ ಕಡೆಯ ಕುರುಬರು ಅಲ್ಲಿ ಬಂದು ಹಿಂಡು ತರುಬುತ್ತಿದ್ದರು. ಕುರಿ ಮಲಗಿದ ನೆಲಕ್ಕೆ ಗೊಬ್ಬರ, ಕುರುಬರಿಗೆ ಜೋಳ. ಮಂಗ ಹೋದರೆ ಹೋಯಿತು, ಕುರಿಯಾದರೂ ಗುಂಪಿನ ಪ್ರಾಣಿಯೇ ಅಲ್ಲವೇ ಎಂದು ಲೂನಾ ಹತ್ತಿ ಹೊರಟೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ.

ಹಿಂಡು ಇಬ್ಬರು ಅಣ್ಣತಮ್ಮಂದಿರದು. ಅಣ್ಣ ವಿಠ್ಠಲಪ್ಪ, ಐವತ್ತರ ಆಸುಪಾಸಿನವನು, ಮಾತು ಕಡಿಮೆ. ತಮ್ಮ ಲಗಮಣ್ಣ ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನು. ಅವನ ಹೆಂಡತಿ ನೀಲವ್ವ ಬೀಡಿನಲ್ಲಿ ಮರಿಗಳನ್ನು ನೋಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಮೊದಲ ದಿನವೇ ನಾನು ಪುಸ್ತಕ ತೆಗೆದು, ಪೆನ್ನಿನ ಟೋಪಿ ಬಿಚ್ಚಿ, ಬಹಳ ದೊಡ್ಡ ಪ್ರಶ್ನೆ ಕೇಳಿದೆ.

"ಒಟ್ಟ ಎಷ್ಟ ಕುರಿ ಅದಾವ್ರಿ?"

ವಿಠ್ಠಲಪ್ಪ ನನ್ನನ್ನು ಪಾಪ ಎನ್ನುವಂತೆ ನೋಡಿದ. "ಎಣಸಬಾರದ್ರಿ ಅಕ್ಕಾರ. ಎಣಸಿದ್ರ ಕಮ್ಮಿ ಆಕ್ಕಾವು."

"ಹಂಗಾರ ಒಂದು ತಪ್ಪಿಸಿಕೊಂಡ್ರ ಹೆಂಗ ಗೊತ್ತಾಗ್ತೈತಿ?"

"ಒಂದು ತಪ್ಪಿದ್ರ ಅದರ ಗೆಳತಿ ಒದರತೈತಲ್ರಿ. ಯಾವಾಕಿ ಒಬ್ಬಾಕಿನ ನಿಂತಾಳ ಅಂತ ನೋಡೂದು. ಅಷ್ಟ."

ನಾನು ಮೂರು ವರ್ಷ ಖರ್ಚು ಮಾಡಿ ಕಂಡುಹಿಡಿಯಬೇಕೆಂದು ಹೊರಟದ್ದನ್ನು ಆ ಮನುಷ್ಯ ತಂಬಾಕು ತಿಕ್ಕುತ್ತ ಹೇಳಿ ಮುಗಿಸಿದ್ದ. ಅವರಿಗೆ ಲೆಕ್ಕ ಬೇಕಿರಲಿಲ್ಲ. ಸಂಜೆ ಹಿಂಡು ಒಳಗೆ ಬರುವಾಗ ಜೋಡಿ ಜೋಡಿಯಾಗಿ, ಬಳಗ ಬಳಗವಾಗಿ ನೋಡುತ್ತಿದ್ದರು. ನನಗೆ ಮಾತ್ರ ಎಲ್ಲ ಕುರಿಯೂ ಒಂದೇ. ಕಾಲು ಗಂಟೆಗೊಮ್ಮೆ ಯಾವ ಕುರಿಯ ಪಕ್ಕ ಯಾವ ಕುರಿ ಎಂದು ಬರೆಯಬೇಕು. ಕುರಿಯೇ ಗುರುತು ಸಿಗದಿದ್ದರೆ ಏನು ಬರೆಯುವುದು? ಲಗಮಣ್ಣ ನಕ್ಕು ನಕ್ಕು ಸುಸ್ತಾಗಿ ಕೊನೆಗೆ ಪಕ್ಕದಲ್ಲಿ ಕೂತು ಕಲಿಸಿದ. "ಮಾರಿ ನೋಡ್ರಿ ಅಕ್ಕಾರ. ಬಾಲ ಏನ್ ನೋಡ್ತೀರಿ?" ಎರಡು ತಿಂಗಳಲ್ಲಿ ನನಗೂ ಮುಖಗಳು ಬಂದವು. ಆ ಹಿಂಡಿನ ಮುಖಗಳೆಲ್ಲ ನನಗೆ ಅವನು ಕೊಟ್ಟವು. ಪ್ರಬಂಧದ ಕೊನೆಯ ಪುಟದಲ್ಲಿ ನಾನು ಕೃತಜ್ಞತೆ ಹೇಳಿದವರ ಪಟ್ಟಿಯಿದೆ — ಅಲ್ಲಿ ಟೈಪ್ ಮಾಡಿಕೊಟ್ಟವರ ಹೆಸರೂ ಇದೆ, ಅವನದಿಲ್ಲ.

ಬರೆದದ್ದನ್ನೆಲ್ಲ ಚಿತ್ರ ಮಾಡಿದೆ. ಒಂದೊಂದು ಕುರಿಗೆ ಒಂದೊಂದು ಸೊನ್ನೆ, ಜೊತೆಗೆ ನಿಲ್ಲುವವರ ನಡುವೆ ಗೆರೆ. ಗೆರೆಗಳೆಲ್ಲ ಹೋಗಿ ಹೋಗಿ ಒಂದೇ ಸೊನ್ನೆಯ ಮೇಲೆ ಬೀಳುತ್ತಿದ್ದವು. ಕೆಂಚಿ. ಮುದಿ ಕುರಿ, ಹಿಂಡಿನ ಮುಂದೆ ಎಂದೂ ಹೋದದ್ದಲ್ಲ. ವಿಠ್ಠಲಪ್ಪನಿಗೆ ಚಿತ್ರ ತೋರಿಸಿದೆ. ಅವನು ಅದನ್ನು ತಲೆಕೆಳಗಾಗಿಯೇ ಹಿಡಿದು ಹೇಳಿದ, "ಅಕಿ ನಡುವ ಇರಾಕಿ ಅಲ್ಲೇನ್ರಿ? ಎಲ್ಲಾರಿಗೂ ಬೇಕಾದಾಕಿ. ಕೆಂಚಿ ಇದ್ರ ಹಿಂಡ ಹಿಂಡಾಗಿ ಇರ್ತೈತಿ."

ನನ್ನ ಗುರುಗಳು ಚಿತ್ರ ಚೆನ್ನಾಗಿದೆ ಅಂದರು. ಆದರೆ ಆ ಕುರಿ ಇಲ್ಲದಾಗ ಏನಾಗುತ್ತದೆಂದು ತೋರಿಸದೆ ಇದು ಬರೀ ಚಿತ್ರ ಅಂದರು. ಕದ್ದು ನೋಡು ಎಂದು ಅವರು ಹೇಳಲಿಲ್ಲ. ಅವರ ತಲೆಗೆ ಕಟ್ಟುವುದಿಲ್ಲ.

ವಿಠ್ಠಲಪ್ಪನನ್ನು ಕೇಳಿದೆ, ಕೆಂಚಿಯನ್ನು ನಾಲ್ಕು ದಿನ ಬೇರೆ ಕಡೆ ಕಟ್ಟೋಣವೇ ಎಂದು. ಅವನು ಗಾಬರಿಯಾದ. "ಬ್ಯಾಡ್ರಿ ಅಕ್ಕಾರ. ಇನ್ನ ಮೂರ ದಿನಕ್ಕ ಕಾಲವಿ ದಾಟೂದೈತಿ. ಅಕಿ ಇಲ್ದ ಇವು ದಾಟೂದಿಲ್ಲ. ದಾಟಿಸಾಕ ಹ್ವಾದ್ರ ಸಾಯ್ತಾವು."

ಆದ್ದರಿಂದ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ದರು, ನಾನು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಲಗಮಣ್ಣನ ಹತ್ತಿರ ಒಂದು ಹಗ್ಗ ಕೇಳಿದೆ, ಲೂನಾಕ್ಕೆ ಚೀಲ ಕಟ್ಟಬೇಕೆಂದು. ಸೊಂಟಕ್ಕೆ ಸುತ್ತಿಕೊಂಡಿದ್ದನ್ನೇ ಬಿಚ್ಚಿ ಕೊಟ್ಟ. ಕರಿ ಉಣ್ಣೆಯಲ್ಲಿ ನಡುನಡುವೆ ಬಿಳಿ ಎಳೆ ಸೇರಿಸಿ ಅವನೇ ಹೊಸೆದದ್ದು. ಕುರುಬರಲ್ಲಿ ಹಗ್ಗ ನೋಡಿದರೆ ಕೈ ಯಾರದೆಂದು ಹೇಳುತ್ತಾರೆ, ನನಗದು ಆಗ ತಿಳಿದಿರಲಿಲ್ಲ. ಹಗ್ಗ ಕೇಳುವಾಗಲೇ ನನ್ನ ಮನಸ್ಸಿನಲ್ಲಿ ಅದಿತ್ತೇ? — ಇತ್ತು.

ಮಧ್ಯಾಹ್ನ. ವಿಠ್ಠಲಪ್ಪ ಮೂಡಲಗಿ ಸಂತೆಗೆ ಹೋಗಿದ್ದ. ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸಿ ನಿಂತಿದ್ದವು. ಲಗಮಣ್ಣ ಉಂಡು, ಮುಖದ ಮೇಲೆ ಕಂಬಳಿ ಎಳೆದುಕೊಂಡು ಮಲಗಿದ್ದ. ನಾನು ಕಣ್ಣಿಟ್ಟಿದ್ದೇನೆ ಎಂಬ ಧೈರ್ಯದಲ್ಲಿ ಮಲಗಿದ್ದ. ನಾನು ಅಂಗೈಯಲ್ಲಿ ಗೋವಿನಜೋಳದ ಕಾಳು ಹಿಡಿದೆ. ಕೆಂಚಿ ಬಂತು. ಕಬ್ಬಿನ ಆಚೆ ಕಾಕಾನ ಬೆಲ್ಲದ ಗಾಣದ ಮನೆಯಿತ್ತು, ಹಂಗಾಮು ಮುಗಿದ ಮೇಲೆ ಅಲ್ಲಿಗೆ ಯಾರೂ ಕಾಲಿಡುತ್ತಿರಲಿಲ್ಲ. ಅಲ್ಲಿ ಕಟ್ಟಿದೆ. ದಿನಕ್ಕೆ ಎರಡು ಸಲ ಹೋಗಿ ಕಾಳು ತಿನ್ನಿಸಿ ನೀರು ಕುಡಿಸಿದೆ. ನೀರನ್ನು ಸೋಸಿಯೇ ಕುಡಿಸಿದೆ. ಬೇಕಾದರೆ ನಗಿ.

ಹಿಂಡು ಒಡೆಯಿತು. ನಾನು ಬರೆದಿಟ್ಟಂತೆಯೇ ಒಡೆಯಿತು — ಮೊದಲು ಎರಡು, ಆಮೇಲೆ ಮೂರು ಗುಂಪು. ಒಂದು ಗುಂಪು ಇನ್ನೊಂದರ ಹತ್ತಿರ ಬರುವುದು, ಮೂಸಿ ತಿರುಗಿ ಹೋಗುವುದು. ಕೆಲವು ಮೇಯುವುದನ್ನೇ ಬಿಟ್ಟು ಒದರುತ್ತ ನಿಂತವು. ಅಣ್ಣತಮ್ಮಂದಿರು ಹಗಲೆಲ್ಲ ಹೊಲ ಹೊಲ ಹುಡುಕಿದರು. ಮೂರನೆಯ ದಿನ ಕಾಕಾನ ಹೊಲದ ಸರದಿ ಮುಗಿದು, ಕಾಲುವೆ ಆಚೆಯ ಹೊಲದವರು ಕಾದಿದ್ದರು. ಕಾಲುವೆಯ ಸಣ್ಣ ಸೇತುವೆಯ ಮೇಲೆ ಮುಂದಿನವು ನಿಂತುಬಿಟ್ಟವು. ಹಿಂದಿನವು ನೂಕಿದವು. ಹೇಗಾಯಿತೋ — ಹೇಗಾಯಿತೆಂದು ನನಗೆ ಚೆನ್ನಾಗಿ ಗೊತ್ತು, ನಿಮಿಷ ನಿಮಿಷಕ್ಕೂ ಬರೆದಿದ್ದೇನೆ — ಎಂಟು ಕುರಿ, ಅವುಗಳ ಜೊತೆ ಮರಿಗಳು, ತುಂಬಿ ಹರಿಯುವ ಕಾಲುವೆಗೆ ಬಿದ್ದವು. ನೀಲವ್ವ ಸೀರೆ ಕಚ್ಚೆ ಹಾಕಿ ಎದೆಮಟ್ಟ ನೀರಿಗೆ ಇಳಿದಳು. ಎರಡು ಮರಿ ಸಿಕ್ಕವು. ನಾನು ದಂಡೆಯ ಮೇಲೆ ಕೂತು ಬರೆಯುತ್ತಿದ್ದೆ. ಆಗ ನನಗೆ ದುಃಖವಾಗಿತ್ತು ಎಂದು ಹೇಳಿಬಿಡಬಹುದು, ಯಾರು ನೋಡಿದ್ದಾರೆ? ಇಲ್ಲ. ಖುಷಿಯಾಗಿತ್ತು. ನನ್ನ ಚಿತ್ರ ನಿಜವಾಯಿತು ಎಂದು ಖುಷಿಯಾಗಿತ್ತು.

ನಾಲ್ಕನೆಯ ದಿನ ಅಕ್ಕಪಕ್ಕದ ಹಿಂಡುಗಳ ಹಿರಿಯರು ಬಂದು ಬೇವಿನ ಮರದ ಕೆಳಗೆ ಕೂತರು. ಕೆಂಚಿ ಕಾಣೆಯಾದಾಗ ಕಾವಲಿದ್ದವನು ಲಗಮಣ್ಣ. ಅಲೆದದ್ದು ಸಾಕು, ಸಂಕೇಶ್ವರದ ಕಡೆ ಏನಾದರೂ ಕೆಲಸ ಹಿಡಿದು ಒಂದೂರಲ್ಲಿ ಇರುತ್ತೇನೆ ಎಂದು ಅವನು ವರ್ಷದಿಂದ ಅನ್ನುತ್ತಿದ್ದನಂತೆ. ಹಾಗಾದರೆ ಒಂದೊಂದೇ ಕುರಿ ಕಸಾಯಿಗೆ ಸಾಗಿಸಲು ಶುರು ಮಾಡಿದ್ದಾನೆ ಎಂದು ಒಬ್ಬರು ಅಂದರು. ಇನ್ನೊಬ್ಬರು ಹೌದೆಂದರು. ಕುಲದೇವರು ಬೀರಪ್ಪನ ಭಂಡಾರ ತಂದಿಟ್ಟರು, ಅರಿಸಿನದ ಪುಡಿ, ಅದನ್ನು ಹಿಡಿದು ಅವರಲ್ಲಿ ಯಾರೂ ಸುಳ್ಳಾಡುವುದಿಲ್ಲ. ಲಗಮಣ್ಣ ಮುಷ್ಟಿ ತುಂಬ ಹಿಡಿದ.

"ಕೆಂಚೀನ ನಾ ಮಾರಿಲ್ಲ. ನಾ ಕಟ್ಟಿಲ್ಲ. ಯಾರ ಒಯ್ದಾರ ಅನ್ನೂದು ನನಗ ಗೊತ್ತಿಲ್ಲ."

ಮೂರೂ ನಿಜ. ನಾನು ಹತ್ತು ಹೆಜ್ಜೆ ದೂರದಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ಸಂಜೆ ಹೋಗಿ ಕೆಂಚಿಯನ್ನು ಬಿಟ್ಟುಬಿಡುತ್ತೇನೆ, ತಾನೇ ಬಂದು ಸೇರುತ್ತದೆ, ಎಲ್ಲ ಸರಿಹೋಗುತ್ತದೆ ಎಂದು —

ಸಂಜೆಯ ತನಕ ಯಾರು ಕಾಯುತ್ತಾರೆ? ಅರ್ಧ ತಾಸಿನಲ್ಲಿ ಬಾಜೂ ಹೊಲದ ರೈತನೊಬ್ಬ ಕೆಂಚಿಯನ್ನು ಹಿಡಿದುಕೊಂಡು ಬಂದ. ಗಾಣದ ಮನೆಯಿಂದ ಕುರಿ ಒದರುವುದು ಕೇಳಿತಂತೆ. ಕೊರಳಿನ ಹಗ್ಗ ಬಿಚ್ಚಿ ಹಿರಿಯರ ಮುಂದೆ ಒಗೆದ. ಬಿಟ್ಟ ಕೂಡಲೇ ಕೆಂಚಿ ಹಿಂಡಿನ ಕಡೆಗೆ ಹೋಗಲಿಲ್ಲ. ಅಷ್ಟು ಜನರ ನಡುವೆ ಹಾದು ನೆಟ್ಟಗೆ ನನ್ನ ಹತ್ತಿರ ಬಂತು. ನನ್ನ ಬಲಗೈ ಮೂಸಿತು. ಕಾಳಿಗಾಗಿ ಅಂಗೈ ನೆಕ್ಕಿತು. ಕುರಿಗೆ ಮುಖ ನೆನಪಿರುತ್ತದೆ, ತನಗೆ ಉಣ್ಣಿಸಿದವರನ್ನು ಅದು ಮರೆಯುವುದಿಲ್ಲ ಎಂದು ಜಗತ್ತಿಗೆ ತೋರಿಸಲು ಹೊರಟವಳು ನಾನೇ. ಕೈ ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿದೆ.

ಆಮೇಲೆ ಅದು ಹಿಂಡಿಗೆ ಹೋಯಿತು. ಒಂದೊಂದೇ ಕುರಿ ಬಂದು ಮೂಸಿತು. ಒಡೆದು ಹೋಗಿದ್ದ ಮೂರು ಗುಂಪು ನೋಡು ನೋಡುತ್ತಿದ್ದಂತೆ ಒಂದಾದವು. ಯಾವುದು ಮೊದಲು ಬಂತು, ಯಾವುದು ಎರಡನೆಯದು — ಸಾಲಾಗಿ ಬರೆದೆ. ಆ ಸಾಲಿನ ಮೊದಲ ಹೆಸರನ್ನು ಬಿಟ್ಟು ಬರೆದೆ.

ವಿಠ್ಠಲಪ್ಪ ಹಗ್ಗ ಎತ್ತಿಕೊಂಡು ಬೆರಳಲ್ಲಿ ತಿರುಗಿಸಿ ನೋಡಿದ.

"ಲಗಮಾ, ಯಾರ ಹಗ್ಗೋ ಇದು?"

"ನಂದ."

"ಯಾರಿಗಿ ಕೊಟ್ಟಿದ್ದಿ?"

ಲಗಮಣ್ಣ ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟಿನ ನೋಟವಾಗಿದ್ದರೆ ಇಷ್ಟು ವರ್ಷದಲ್ಲಿ ಮರೆತಿರುತ್ತಿದ್ದೆನೇನೋ. ಅವನಿಗೆ ಆ ಕ್ಷಣದಲ್ಲಿ ಎಲ್ಲ ಅರ್ಥವಾಗಿತ್ತು. ಅವನು ಕಾದ. ನಾನು ಹೇಳುತ್ತೇನೆಂದು ಕಾದ. ಮದುವೆಯಾಗದ ಹುಡುಗಿಯ ಹೆಸರು, ಅದೂ ಬೇರೆ ಮನೆತನದ ಹುಡುಗಿಯದು, ಸೊಂಟದ ಹಗ್ಗ ಬಿಚ್ಚಿ ಅವಳಿಗೆ ಕೊಟ್ಟೆ ಎಂಬ ಮಾತು, ಅಷ್ಟು ಗಂಡಸರ ನಡುವೆ ಅವನ ಬಾಯಿಂದ ಬಂದರೆ ಏನಾಗುತ್ತದೆಂದು ಅವನು ಬಲ್ಲ. ನನ್ನ ಬಾಯಿಂದಲೇ ಬಂದಿದ್ದರೆ ಬೇರೆ ಮಾತು. ನಾನು ಪುಸ್ತಕ ನೋಡುತ್ತ ನಿಂತೆ.

"ಯಾರಿಗೂ ಕೊಟ್ಟಿಲ್ಲ," ಅಂದ.

ಅಷ್ಟಕ್ಕೆ ಮುಗಿಯಿತು. ಭಂಡಾರ ಹಿಡಿದು ಸುಳ್ಳಾಡಿದವನ ಕೈ ಕುರಿಗೆ ತಾಗಬಾರದು ಎಂದರು. ಅವನ ಜೊತೆ ಬೆಂಕಿ, ನೀರು, ಮಾತು ಯಾವುದೂ ಇಲ್ಲವೆಂದರು. ವಿಠ್ಠಲಪ್ಪ ಹಗ್ಗವನ್ನು ತಮ್ಮನ ಕಾಲ ಬಳಿ ಇಟ್ಟ. ಹೊತ್ತು ಇಳಿಯುವ ಮೊದಲೇ ಲಗಮಣ್ಣ ಕಂಬಳಿ ಹೆಗಲಿಗೆ ಹಾಕಿ ಹೊರಟ, ಹಿಂದೆ ಗಂಟು ಹೊತ್ತ ನೀಲವ್ವ. ಅವನು ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದ ನಾಲ್ಕೈದು ಕುರಿ ಅವನ ಬೆನ್ನು ಹತ್ತಿದವು. ವಿಠ್ಠಲಪ್ಪ ಓಡಿ ಹೋಗಿ ಕೋಲು ಅಡ್ಡ ಹಿಡಿದು ಅವನ್ನು ತಿರುಗಿಸಿದ. ಆಗ ಮಾತ್ರ ಲಗಮಣ್ಣ ಅತ್ತದ್ದನ್ನು ನೋಡಿದೆ.

ನಾಲ್ಕು ದಿನ ಕಾಣೆಯಾದ ಕುರಿಯನ್ನು ಹಿಂಡು ಅರ್ಧ ತಾಸಿನಲ್ಲಿ ಒಳಗೆ ಕರೆದುಕೊಂಡಿತು. ನಾನು ಹಿಂಡಿನಿಂದ ಒಬ್ಬ ಮನುಷ್ಯನನ್ನು ತೆಗೆದು ಹಾಕಿದ್ದೆ, ಅವನನ್ನು ಮತ್ತೆ ಯಾರೂ ಕರೆಯಲಿಲ್ಲ.

ನನ್ನ ಪ್ರಬಂಧವನ್ನು ಎಲ್ಲರೂ ಹೊಗಳಿದರು. ಅದರಲ್ಲಿ ಒಂದು ವಾಕ್ಯವಿದೆ: "ಹಿಂಡಿನ ಒಂದು ಕುರಿ ಆಕಸ್ಮಿಕವಾಗಿ ಕಾಣೆಯಾದ ಸಂದರ್ಭದಲ್ಲಿ." ಆಕಸ್ಮಿಕವಾಗಿ. ಆ ಶಬ್ದ ಹುಡುಕಲು ಎರಡು ದಿನ ಹಿಡಿದಿತ್ತು. ಗೋಕಾಕದಲ್ಲಿ ಕಾಲೇಜಿನ ಕೆಲಸ ಸಿಕ್ಕಿತು, ಮದುವೆಯಾಯಿತು. ಪ್ರತಿ ವರ್ಷ ಅದೇ ಪಾಠ ಮಾಡಿದೆ, ಹಲಗೆಯ ಮೇಲೆ ಸೊನ್ನೆ ಬರೆದು ಗೆರೆ ಎಳೆದು. ನಡುವಿನ ಸೊನ್ನೆ ಅಳಿಸಿ, ಈಗ ನೋಡಿ ಏನಾಯಿತು ಎಂದು ಮಕ್ಕಳನ್ನು ಕೇಳಿದೆ. ಕೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಮನೆಗೆ ಬಂದೆ.

ಒಮ್ಮೆ ಅವನು ಸಿಕ್ಕಿದ್ದ. ಸಂಕೇಶ್ವರದ ಬಸ್ ನಿಲ್ದಾಣದಲ್ಲಿ, ಇಟ್ಟಿಗೆ ಭಟ್ಟಿಯ ಕೆಂಪು ಧೂಳು ಮೈತುಂಬ. ಗುರುತು ಸಿಗದ ಹಾಗೆ ಮುಖ ತಿರುಗಿಸಿದೆ — ಮುಖ ಗುರುತಿಸಲು ಕಲಿಸಿದವನೇ ಅವನು. ಹತ್ತಿರ ಬಂದ.

"ಅಕ್ಕಾರ, ಓದ ಮುಗೀತೇನ್ರಿ?"

"ಮುಗೀತು."

ಕೈಯ ಧೂಳನ್ನು ಧೋತರಕ್ಕೆ ಒರೆಸಿಕೊಂಡ. "ಕೆಂಚಿ ಅದಾಳೇನ್ರಿ?"

ಗೊತ್ತಿಲ್ಲ ಅಂದೆ. ಬೇರೆ ಏನನ್ನೂ ಅವನು ಕೇಳಲಿಲ್ಲ. ನನ್ನ ಬಸ್ಸು ಬಂತು, ಹತ್ತಿದೆ. ಕಿಟಕಿಯ ಸೀಟು ಸಿಕ್ಕರೂ ಅವನಿದ್ದ ಕಡೆ ನೋಡಲಿಲ್ಲ.

ಹೋದ ವರ್ಷ ಅವನು ಜ್ವರದಲ್ಲಿ ತೀರಿಕೊಂಡನಂತೆ. ಕಾಕಾ ಹೇಳಿದ, ಹವಾಮಾನದ ಮಾತಾಡುತ್ತ ನಡುವೆ ಹೇಳಿದ. ಮಣ್ಣಿಗೆ ಅವನ ಕಡೆಯವರು ಯಾರೂ ಹೋಗಲಿಲ್ಲವಂತೆ. ಭಟ್ಟಿಯ ನಾಲ್ಕು ಜನ ಹೊತ್ತರಂತೆ.

ಕಳೆದ ತಿಂಗಳು ಕೌಜಲಗಿಗೆ ಹೋಗಿ ವಿಠ್ಠಲಪ್ಪನನ್ನು ಕಂಡೆ. ಈಗ ಅವನಿಗೆ ಹಿಂಡಿಲ್ಲ, ಕಟ್ಟೆಯ ಮೇಲೆ ಕೂತು ಉಣ್ಣೆ ಹೊಸೆಯುತ್ತಾನೆ. ಎಲ್ಲವನ್ನೂ ಹೇಳಿದೆ, ಗಾಣದ ಮನೆ, ಕಾಳು, ಹಗ್ಗ. ಹೇಳಿ ಮುಗಿಸಿದರೆ ಎದೆಯ ಭಾರ ಇಳಿಯುತ್ತದೆಂದು ಎಲ್ಲೋ ಆಸೆ ಇಟ್ಟುಕೊಂಡಿದ್ದೆ. ಅವನು ಬೈಯುತ್ತಾನೆ, ನಾನು ಅಳುತ್ತೇನೆ ಎಂದು. ಅವನ ಕೈಯಲ್ಲಿನ ನೂಲುವ ಕದಿರು ನಿಂತಿತು.

"ಕೆಂಚಿ ನಿಮ್ಮ ಕೈ ಮೂಸಿದ್ದ ನಾ ನೋಡಿದ್ನಿ," ಅಂದ. "ಕುರಿ ಸುಳ್ಳ ಹೇಳೂದಿಲ್ಲಂತ ನನಗ ಗೊತ್ತಿತ್ತು. ಓದಿದಾರು, ದೊಡ್ಡ ಮನಿಯಾರು, ಹಂಗ್ಯಾಕ ಮಾಡ್ತಾರಂತ ನನ್ನ ಕಣ್ಣಿಗಿ ನಾನ ಸುಮ್ಮನ ಇರ ಅಂದ್ನಿ." ಕದಿರನ್ನು ಕೆಳಗಿಟ್ಟು ಮತ್ತೆ ಅಂದ, "ಇಷ್ಟ ದಿನ ತಮ್ಮ ತಪ್ಪ ಮಾಡಿದ್ದ ಅಂತ ಹೆಂಗೋ ಬದಕಿದ್ನಿ. ಈಗ ಹೆಂಗ ಇರ್ಲಿ ಹೇಳ್ರಿ?"

ನಾನು ಇಳಿಸಿದ ಭಾರವನ್ನು ಎತ್ತಿ ಆ ಮುದುಕನ ಮೇಲಿಟ್ಟಿದ್ದೆ, ಅಷ್ಟೇ. ಅವನು ಒಳಗೆ ತಿರುಗಿ, ಬಂದವರಿಗೆ ಚಹಾ ಮಾಡಲು ಸೊಸೆಗೆ ಕೂಗಿ ಹೇಳಿದ. ಚಹಾ ಬಂತು. ಅವನ ಎದುರು ಕೂತು ಅದನ್ನು ಕುಡಿಯಬೇಕಾಯಿತು. ಹೊರಡುವಾಗ ಕೇಳಿದ, "ನೀಲವ್ವಗ ಹೇಳೀರೇನು?"

"ಇಲ್ಲ."

"ಮೊದಲ ಅಲ್ಲಿಗಿ ಹೋಗಬೇಕಿತ್ತು," ಅಂದ. ಮತ್ತೆ ಕದಿರು ಹಿಡಿಯಲಿಲ್ಲ.

ಮನೆಗೆ ಬಂದು ಹಳೆಯ ಪುಸ್ತಕ ತೆಗೆದೆ. ಆ ಪುಟ ಸಿಕ್ಕಿತು, ಕೆಂಚಿ ತಿರುಗಿ ಬಂದಾಗ ಯಾರು ಯಾರು ಎದುರಾದರು ಎಂಬ ಸಾಲು. ಮೇಲೆ ಇದ್ದ ಚೂರು ಜಾಗದಲ್ಲಿ ಬರೆದೆ: ಮೊದಲು ಮೂಸಿದ್ದು ನನ್ನ ಬಲಗೈ, ನಾಲ್ಕು ದಿನ ಕಾಳು ತಿನ್ನಿಸಿದ ಕೈ. ಕೆಳಗೆ ಹೆಸರು ಹಾಕಿದೆ. ಪ್ರಬಂಧ ಕೊಟ್ಟಲ್ಲಿಗೂ ಕಾಗದ ಬರೆದಿದ್ದೇನೆ, ಅವರು ಏನು ಮಾಡುತ್ತಾರೋ ಮಾಡಲಿ. ಅದರಿಂದ ಲಗಮಣ್ಣನ ಮಣ್ಣಿಗೆ ನಾಲ್ಕು ಜನ ಹೆಚ್ಚು ಬಂದಂತಾಗುವುದಿಲ್ಲ.

ನಾಳೆ ಬೆಳಿಗ್ಗೆ ಸಂಕೇಶ್ವರಕ್ಕೆ ಹೋಗುತ್ತೇನೆ. ನೀಲವ್ವ ಅದೇ ಭಟ್ಟಿಯ ಹತ್ತಿರ ಇದ್ದಾಳಂತೆ. ಬರೆದದ್ದನ್ನು ಅವಳ ಕೈಗಿಟ್ಟು ಬಂದುಬಿಡೋಣ ಎಂದು ಇಷ್ಟು ಪುಟ ಬರೆದೆ. ಬರೆದು ಮುಗಿಸಿದ ಮೇಲೆ ನೆನಪಾಯಿತು, ಅವಳಿಗೆ ಓದು ಬರುವುದಿಲ್ಲ. ಬಾಯಿಂದಲೇ ಹೇಳಬೇಕು.